ಡ್ಯೂಕ್‌ಗಳ ಜಮೀನಿನ ಕಥೆಯನ್ನೂ ಬರೆಯಿರಿ

ಸಂಪಾದಕರೇ,

ಇಂಗ್ಲೆಂಡಿನ ಡ್ಯೂಕ್‌ಗಳ (ಅಲ್ಲಿನ ಶ್ರೀಮಂತ ಮನೆತನಗಳ ಅತಿ ದೊಡ್ಡ ಪದವಿಯವರು) ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹದಲ್ಲಿ ಅರಮನೆ, ಕುದುರೆ, ಬೇಟೆ ಎಲ್ಲ ಇತ್ತು. ಅಷ್ಟೊಂದು ಜಮೀನು ಹೇಗೆ ಬಂತು ಅನ್ನೋದೇ ಇರಲಿಲ್ಲ. ಅದೇ ಅಲ್ವಾ ಮುಖ್ಯ?

ವೆಸ್ಟ್‌ಮಿನ್‌ಸ್ಟರ್ ಡ್ಯೂಕ್ ಮನೆತನವನ್ನೇ ನೋಡಿ. 1677ರಲ್ಲಿ ಈ ಮನೆತನದ ಸರ್ ಥಾಮಸ್ ಗ್ರೋವ್ನರ್ ಮದುವೆಯಾದ ಮೇರಿ ಡೇವಿಸ್‌ಗೆ ಆಗ ಬರೀ 12 ವರ್ಷ (ಪಾಪ, ಮಗು!). ಅವಳ ಜೊತೆ ಬಂದದ್ದು ಲಂಡನ್ ಅಂಚಿನ ಸುಮಾರು 500 ಎಕರೆ ಜೌಗು, ಹುಲ್ಲುಗಾವಲು. ಇವತ್ತಿನ ದುಬಾರಿ ಬಡಾವಣೆಗಳಾದ ಮೇಫೇರ್, ಬೆಲ್‌ಗ್ರೇವಿಯಾ ನಿಂತಿರುವುದು ಅಲ್ಲೇ. ಜಾಗ ಜಾಸ್ತಿ ಮಾರದೆ ಲೀಸ್‌ಗೆ ಕೊಟ್ಟುಕೊಂಡೇ ಬೆಳೆದರು, ಡ್ಯೂಕ್ ಪದವಿ ಸಿಕ್ಕಿದ್ದು ಮಾತ್ರ 1874ರಲ್ಲಿ. ಹೆಣ್ಣಿನಿಂದ ಬಂದ ಆಸ್ತಿ, ಆದರೂ 2016ರಲ್ಲಿ ಪದವಿ ಇಬ್ಬರು ಅಕ್ಕಂದಿರನ್ನು ದಾಟಿ ತಮ್ಮನಿಗೆ ಹೋಯಿತು. ಸಿಂಹಾಸನದ ವಿಷಯದಲ್ಲಿ ಈ ಭೇದವನ್ನು 2013ರ ಕಾಯ್ದೆ ತೆಗೆಯಿತು, ಡ್ಯೂಕ್‌ಗಳಿಗೆ ಅದು ಅನ್ವಯಿಸುವುದಿಲ್ಲ.

ನಮ್ಮ ಕೊಡಗಿನ ಜಮ್ಮಾ ಜಮೀನೂ (ವಂಶಪಾರಂಪರ್ಯವಾಗಿ ಬಂದ ಜಮೀನು) ಗಂಡುಸಂತತಿಯಲ್ಲೇ ಸಾಗಿದ್ದು, ಆ ಮಟ್ಟಿಗೆ ನಾವೇನೂ ಮೇಲಲ್ಲ. ಆದರೆ ದಾಖಲೆಯಲ್ಲಿ ಪಟ್ಟೆದಾರನ (ಮನೆತನದ ಹಿರಿಯನ) ಹೆಸರಿದ್ದರೂ ಜಮೀನು ಇಡೀ ಒಕ್ಕದ್ದು, ಅಂದರೆ ಇಡೀ ಮನೆತನದ್ದು. ಇಂಗ್ಲೆಂಡಿನ ಡ್ಯೂಕ್‌ಗಳಲ್ಲಿ ಹಿರಿಮಗನಿಗೇ ಹೆಚ್ಚೂಕಡಿಮೆ ಎಲ್ಲ, ಅದಕ್ಕೇ ಆಸ್ತಿ ಚೂರಾಗಲಿಲ್ಲ. ಮುಂದಿನ ಸಲ ಇದನ್ನೂ ಬರೆಯಿರಿ, ಸುಮ್ನೆ ಅರಮನೆ ಫೋಟೊ ಹಾಕಿದರೆ ಸಾಲದು.

– ಒಬ್ಬ ಓದುಗ, ವಿರಾಜಪೇಟೆ