ಸುಂದರೀಕರಣವಂತೆ!

ಮಾನ್ಯ ಸಂಪಾದಕರೇ,

ಗುರುವಾರದ ಪತ್ರಿಕೆಯಲ್ಲಿ ಮುಂಬಯಿಯ ನಮ್ಮ ಮುಲುಂಡ್ ಸ್ಟೇಷನ್ ರಸ್ತೆಯ ಗೋಡೆಯ 'ಸುಂದರೀಕರಣ' ಮುಗಿಯಿತು ಅಂತ ಫೋಟೋ ಸಮೇತ ಸುದ್ದಿ ಬಂದಿದೆ. ಫೋಟೋ ತೆಗೆದವರು ಕ್ಯಾಮೆರಾ ಸ್ವಲ್ಪ ಮೇಲೆ ಎತ್ತಬೇಕಿತ್ತು. ಗೋಡೆಯಲ್ಲಿದ್ದ ನಮ್ಮ ಚಿತ್ರಕ್ಕೆ ಬೂದು ಬಣ್ಣ ಬಳಿದಿದ್ದಾರೆ, ಅದರ ಮೇಲೆ ಆರು ಫ್ಲೆಮಿಂಗೊ ಹಕ್ಕಿಗಳ ತಲೆ ಮಾತ್ರ ತೇಲುತ್ತಿವೆ. ಬಳಿಯಲು ಬಂದವರ ಹತ್ತಿರ ಏಣಿ ಇರಲಿಲ್ಲ. ಕೈಗೆ ಎಟಕುವಷ್ಟು ಬಳಿದು ಹೋದರು. ಕೊಕ್ಕು ಉಳಿಯಿತು, ಕಾಲು ಹೋಯಿತು.

ಆ ಚಿತ್ರ ಯಾರೋ ಬಂದು ಬಿಡಿಸಿ ಹೋದದ್ದಲ್ಲ ಸ್ವಾಮಿ. ನಮ್ಮ ಗಲ್ಲಿಯವರೇ ಮೂರು ಭಾನುವಾರ ಬಿಸಿಲಲ್ಲಿ ನಿಂತು ಮಾಡಿದ್ದು. ಮೊದಲ ವಾರ ಹಳೇ ಬಣ್ಣದ ಹಕ್ಕಳೆ ಕೆರೆದು ಪ್ರೈಮರ್ ಹೊಡೆಯುವುದರಲ್ಲೇ ಮುಗಿಯಿತು. ಚಿತ್ರಕಲೆ ಓದುವ ಹುಡುಗಿಯೊಬ್ಬಳು ಚೌಕ ಹಾಕಿ ಗೆರೆ ಎಳೆದಳು, ಎಲ್ಲಿ ಯಾವ ಬಣ್ಣ ಅಂತ ನಂಬರ್ ಬರೆದಳು, ನಾವು ತುಂಬಿದೆವು. ಚಳಿಗಾಲದಲ್ಲಿ ಠಾಣೆ ಖಾಡಿಗೆ, ಅಂದರೆ ಕಡಲ ಹಿನ್ನೀರಿಗೆ, ಬರುವ ಫ್ಲೆಮಿಂಗೊಗಳೇ ಇರಲಿ ಅಂದವರು ಮಕ್ಕಳು. ಕೆಳಗಿನ ಅಂಚಿಗೆ ಶಿವಮೊಗ್ಗದ ಸಾಗರದ ಕಡೆಯ ಅಕ್ಕ ಹಸೆ ಚಿತ್ತಾರ ಬರೆದರು, ಪಕ್ಕದ ಮನೆಯ ಮರಾಠಿ ಕಾಕು ತಮ್ಮ ಕಡೆಯ ವಾರ್ಲಿ ಚಿತ್ರದ ಗೊಂಬೆ. ಎರಡನ್ನೂ ಊರಲ್ಲಿ ಅಕ್ಕಿ ಹಿಟ್ಟಲ್ಲೇ ಬರೆಯುವುದು. ಇಲ್ಲಿಯ ಮಳೆಗೆ ನಿಲ್ಲಲಿ ಅಂತ ಎಮಲ್ಷನ್ ಪೇಂಟು. ಒಬ್ಬರ ಭಾಷೆ ಇನ್ನೊಬ್ಬರಿಗೆ ಅಷ್ಟಕ್ಕಷ್ಟೇ, ಆದರೂ ಒಂದೇ ಡಬ್ಬಿಗೆ ಬ್ರಷ್ ಅದ್ದಿದರು. ಮೊದಲು ಹೋದದ್ದು ಆ ಅಂಚೇ.

ನನ್ನ ಪಾಡು ಕೇಳಿ. ಮಂಡಿ ನೋವು ಇನ್ನೂ ಇಳಿದಿಲ್ಲ. ಒಂದು ಒಳ್ಳೇ ಶರ್ಟು ಹಾಳಾಯಿತು. ಹಳಿ ರಿಪೇರಿಗೆ ಲೋಕಲ್ ರೈಲು ಕಡಿಮೆ ಮಾಡುವ ಮೆಗಾ ಬ್ಲಾಕ್ ದಿನ ಮೊಮ್ಮಗಳು ವಸಾಯಿಯಿಂದ ದಾದರ್‌ಗೆ ಬಂದು, ಅಲ್ಲಿ ಗಾಡಿಗೆ ಕಾದು, ಒಂದು ಹಕ್ಕಿಯ ಕಾಲಿಗೆ ಬಣ್ಣ ತುಂಬಿ ಹೋದಳು. ಈಗ ಫೋನ್ ಮಾಡಿ 'ಅಜ್ಜಾ, ನನ್ನ ಕಾಲು ಇದ್ಯಾ?' ಅಂತ ಕೇಳುತ್ತಾಳೆ. ಏನು ಹೇಳಲಿ?

ಪರ್ಮಿಷನ್ ಇರಲಿಲ್ಲವೇ ಅಂತೀರಾ? ಆಫೀಸಿಗೆ ಏಳು ಸಲ ಅಲೆದಿದ್ದೇನೆ. ಅರ್ಜಿ ಮೂರು ಪ್ರತಿ, ಡಿಸೈನಿನ ಕಲರ್ ಝೆರಾಕ್ಸ್, 'ಸಾಹೇಬರು ಸೈಟಿಗೆ ಹೋಗಿದ್ದಾರೆ'. ಕೊನೆಗೆ ದುಂಡು ಸೀಲಿನ ಕಾಗದ ಸಿಕ್ಕಿತು. ಅದನ್ನೇ ಬಳಿಯುವವರಿಗೆ ತೋರಿಸಿದೆ. 'ಹಮೇ ಕ್ಯಾ ಮಾಲೂಮ್ ಅಂಕಲ್', ನಮಗೇನು ಗೊತ್ತು ಅಂದರು. ಪಾಪ, ಅವರನ್ನು ಬೈದು ಏನು ಬಂತು? ಕಳಿಸಿದವರು ಯಾರು ಅಂತ ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲವಂತೆ!

2009ರಲ್ಲಿ ಇದೇ ಮುಂಬಯಿಯಲ್ಲಿ ತುಲ್ಸಿ ಪೈಪ್ ರಸ್ತೆಯ ಉದ್ದದ ಗೋಡೆಗೆ ಚಿತ್ರ ಬರೆಯಲು ಜನರನ್ನೇ ಕರೆದಿದ್ದರು. ಘಾಟ್ಕೋಪರ್ ಕಡೆಯ ಅಸಲ್ಫಾ ಗುಡ್ಡದ ಮನೆಗಳಿಗೆ ಬಣ್ಣ ಬಂದಾಗ ಮೆಟ್ರೋದಲ್ಲಿ ಹೋಗುವವರೆಲ್ಲ ಫೋಟೋ ಹೊಡೆದರು. ನಮ್ಮ ಗೋಡೆಗೇ ಯಾಕೆ ಈ ಶನಿ?

ಚಿತ್ರ ಬರುವ ಮುಂಚೆ ಅದು ಗಂಡಸರ ಮೂತ್ರಾಲಯವಾಗಿತ್ತು, ಆಗ ಯಾವ ಸುಂದರೀಕರಣವೂ ಬರಲಿಲ್ಲ. ಎದುರಿನ ಮೋರಿಗೆ ಹೋದ ಮಳೆಗಾಲದಿಂದ ಮುಚ್ಚಳವಿಲ್ಲ. ಯಾರೋ ಪುಣ್ಯಾತ್ಮರು ಮರದ ಕೊಂಬೆ ಸಿಕ್ಕಿಸಿದ್ದರು. ಅದು ಒಣಗಿತು, ಈಗ ಇನ್ನೊಂದು ಕೊಂಬೆ. ಕಂಬದ ದೀಪ ಹಗಲು ಉರಿಯುತ್ತದೆ, ರಾತ್ರಿ ಮಲಗುತ್ತದೆ. ಇದಕ್ಕೆಲ್ಲ ಆಳಿಲ್ಲ, ಹಣವಿಲ್ಲ. ಹಕ್ಕಿಯ ಕಾಲು ಮುರಿಯಲು ಮಾತ್ರ ಒಂದೇ ರಾತ್ರಿ ಸಾಕು.

ನಮ್ಮ ಚಿತ್ರ ನಮಗೆ ವಾಪಸ್ ಬೇಕು. ಆಗದಿದ್ದರೆ ಆ ತಲೆಗಳನ್ನಾದರೂ ಅಳಿಸಲಿ, ನೋಡೋಕಾಗಲ್ಲ. ಅದೂ ಬೇಡ, ಮೊದಲು ಮೋರಿ ಮುಚ್ಚಲಿ. ಏಣಿ ಬೇಕಿದ್ದರೆ ನಮ್ಮ ಸೊಸೈಟಿಯಲ್ಲಿದೆ. ಅರ್ಜಿ ಕೊಟ್ಟು ತಗೊಂಡು ಹೋಗಲಿ, ಮೂರು ಪ್ರತಿ.

– ಒಬ್ಬ ಹಿರಿಯ ನಾಗರಿಕ, ಮುಲುಂಡ್ ಪೂರ್ವ