ಬ್ರೇಕ್ ದೀಪದ ಸಂದೇಶ: ಭಾನುವಾರದ ಚರ್ಚೆಗೆ ಮುನ್ನ

ಸದಸ್ಯರೆಲ್ಲರಿಗೂ ನಮಸ್ಕಾರ.

ವಾಹನಗಳು ತಮ್ಮ ದೀಪಗಳ ಬೆಳಕಿನಲ್ಲೇ ಪರಸ್ಪರ ಸಂದೇಶ ಕಳಿಸುವ ತಂತ್ರಜ್ಞಾನದ ಬಗ್ಗೆ ಈ ಭಾನುವಾರ ಸಂಜೆ ಮಾತನಾಡೋಣ. ಎಲ್‌ಇಡಿಯನ್ನು ಕಣ್ಣಿಗೆ ತಿಳಿಯದಷ್ಟು ವೇಗವಾಗಿ ಮಿನುಗಿಸಬಹುದು. ಮುಂದಿನ ಲಾರಿ ಬ್ರೇಕ್ ಹಾಕಿದ ಸಂಗತಿ, ಅದರ ವೇಗ, ಎಲ್ಲವೂ ಆ ಮಿನುಗಿನಲ್ಲೇ ಹಿಂದಿನ ಕಾರಿಗೆ ತಲುಪುತ್ತವೆ. ಹೀಗೆ ಕಣ್ಣಿಗೆ ಕಾಣುವ ಬೆಳಕಿನಿಂದ ನಡೆಯುವ ಸಂವಹನಕ್ಕೆ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಇಇಇಯ 802.15.7 ಮಾನದಂಡ 2011ರಲ್ಲೇ ಬಂದಿದೆ.

ದಯವಿಟ್ಟು ಬೆಳಕನ್ನು ಸ್ವೀಕರಿಸುವ ಭಾಗವನ್ನು ಚೆನ್ನಾಗಿ ಓದಿಕೊಂಡು ಬನ್ನಿ. ನಿಜವಾದ ಕಷ್ಟ ಇರುವುದು ಅಲ್ಲಿ. ಬೆಳಕನ್ನು ವಿದ್ಯುತ್ತಾಗಿ ಬದಲಿಸುವ ಫೋಟೋಡಯೋಡ್ ಅಗ್ಗ, ವೇಗವೂ ಹೆಚ್ಚು. ಆದರೆ ಬಿಸಿಲು, ಬೀದಿದೀಪ, ಅಂಗಡಿಯ ಫಲಕ, ಎಲ್ಲದರ ಬೆಳಕೂ ಅದಕ್ಕೆ ಒಂದೇ ರಾಶಿ. ಕ್ಯಾಮೆರಾದ ಚಿತ್ರದಲ್ಲಿ ಲಾರಿಯ ಎಡದೀಪ, ಬಲದೀಪ, ಸೂರ್ಯ ಬೇರೆ ಬೇರೆ ಜಾಗದಲ್ಲಿ ಬೀಳುವುದರಿಂದ ಬೇಕಾದ ದೀಪದ ಪಿಕ್ಸೆಲ್‌ಗಳನ್ನಷ್ಟೇ ಆರಿಸಿಕೊಳ್ಳಬಹುದು. ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾ ಮಾತ್ರ ಈ ವೇಗಕ್ಕೆ ಸಾಲದು. ಚಿತ್ರವನ್ನು ಸಾಲುಸಾಲಾಗಿ ಓದುವ ಸೆನ್ಸರ್‌ನಲ್ಲಿ ಮಿನುಗು ಕಪ್ಪು ಬಿಳಿ ಪಟ್ಟೆಗಳಾಗಿ ಮೂಡುವುದರಿಂದ ಒಂದೇ ಚಿತ್ರದಲ್ಲಿ ಹಲವು ಮಿನುಗುಗಳನ್ನು ಓದಬಹುದು, ನಿಜ. ಆದರೆ ದೀಪ ದೂರವಾದಂತೆಲ್ಲ ಚಿತ್ರದಲ್ಲಿ ಅದು ಆವರಿಸುವ ಸಾಲುಗಳೇ ಕಡಿಮೆಯಾಗುತ್ತವೆ, ಓದಲು ಸಿಗುವ ಪಟ್ಟೆಗಳೂ ಅಷ್ಟೇ. ಇದಕ್ಕೆ ಪರಿಹಾರ ಹೊಳೆದವರು ಖಂಡಿತ ಮಾತನಾಡಬೇಕು.

ದಟ್ಟ ಮಂಜು ಕವಿದರೆ, ನಡುವೆ ಬಸ್ಸೊಂದು ನುಗ್ಗಿದರೆ ಸಂಪರ್ಕ ಕಡಿದುಹೋಗುತ್ತದೆ. ಹೀಗಾಗಿ ಇದು ರೇಡಿಯೊ ತರಂಗಗಳ ಸಂವಹನದ ಜೊತೆಯಲ್ಲೇ ಇರಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಒಪ್ಪದವರು ವಾದ ಮಂಡಿಸಿ.

ಮಾದರಿ ತಯಾರಿಸುತ್ತಿರುವವರು ಅದನ್ನು ಮಧ್ಯಾಹ್ನದ ಬಿಸಿಲಿನಲ್ಲೂ ಪರೀಕ್ಷಿಸಿ. ಕತ್ತಲೆ ಕೋಣೆಯ ಫಲಿತಾಂಶವಷ್ಟೇ ಸಾಲದು. ಮಿನುಗು ಸೆಕೆಂಡಿಗೆ 200 ಬಾರಿಗಿಂತ ಕಡಿಮೆಯಾಗದಂತೆ ನೋಡಿಕೊಳ್ಳಿ, ಇಲ್ಲವಾದರೆ ನೋಡುವವರ ಕಣ್ಣಿಗೆ ತೊಂದರೆ.