ಮುಕ್ತ ಎಂದರೆ ಬಿಟ್ಟಿ ಅಲ್ಲ

ಮಾನ್ಯ ಸಂಪಾದಕರೇ,

ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಪದ ಬಿಡುಗಡೆಗೂ ಸಲ್ಲುತ್ತದೆ, ಬಿಟ್ಟಿಗೂ ಸಲ್ಲುತ್ತದೆ. ಅವರು ಗೊಂದಲ ಮಾಡಿಕೊಂಡರೆ ಮಾಫಿ ಇದೆ. ನಮಗೆ ‘ಮುಕ್ತ’ ಬೇರೆ, ‘ಉಚಿತ’ ಬೇರೆ. ಆದರೂ ಯಾವುದಾದರೂ ಸರ್ಕಾರ ವಿಂಡೋಸ್ ಬಿಟ್ಟು ಲಿನಕ್ಸ್‌ಗೋ, ಎಂಎಸ್ ಆಫೀಸ್ ಬಿಟ್ಟು ಲಿಬ್ರೆ ಆಫೀಸ್‌ಗೋ, ಹೀಗೆ ಮುಕ್ತ ತಂತ್ರಾಂಶಕ್ಕೆ ಬದಲಾದಾಗಲೆಲ್ಲ ಕನ್ನಡದ ತಲೆಬರಹಗಳಲ್ಲೂ ‘ಉಚಿತ ತಂತ್ರಾಂಶ’, ‘ಕೋಟಿಗಟ್ಟಲೆ ಉಳಿತಾಯ’ ಎಂದೇ ಇರುತ್ತದೆ. ಉಳಿತಾಯದ ಹೆಸರಿನಲ್ಲಿ ಬಂದ ಮುಕ್ತ ತಂತ್ರಾಂಶ ಉಳಿತಾಯದ ಹೆಸರಿನಲ್ಲೇ ಹೊರಹೋಗುತ್ತದೆ ಎಂಬುದು ನನ್ನ ತಕರಾರು.

ಬೇರೆ ಕಾರಣಕ್ಕೆ ಬಂದದ್ದೂ ಆ ಕಾರಣ ಮರೆತಾಗ ಉಳಿಯುವುದಿಲ್ಲ; ಜರ್ಮನಿಯ ಮ್ಯೂನಿಕ್ ನಗರಾಡಳಿತವನ್ನೇ ನೋಡಿ. 2003ರಲ್ಲಿ ಅಲ್ಲಿ ಸುಮಾರು 14,000 ಕಂಪ್ಯೂಟರ್‌ಗಳನ್ನು ಬದಲಿಸುವ ಪ್ರಶ್ನೆ ಬಂದಾಗ ಮೈಕ್ರೋಸಾಫ್ಟ್‌ನ ಆಗಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಖುದ್ದಾಗಿ ಹೋಗಿ ಮೇಯರ್ ಅವರನ್ನು ಕಂಡರು, ದರವೂ ಇಳಿಯಿತು. ಬರೀ ದುಡ್ಡಿನ ಲೆಕ್ಕದಲ್ಲಿ ವಿಂಡೋಸ್ ಅಗ್ಗವೆಂದೇ ಬಂತು. ನಗರಸಭೆ ಲಿನಕ್ಸ್ ಆರಿಸಿದ್ದು ಒಬ್ಬ ಮಾರಾಟಗಾರನ ಹಂಗು ಬೇಡವೆಂದು. 2013ಕ್ಕೆ ಆ ಬದಲಾವಣೆ ಮುಗಿಯಿತು. 2017ರಲ್ಲಿ ವಿಂಡೋಸ್‌ಗೆ ಮರಳುವ ತೀರ್ಮಾನವಾಯಿತು. ಅಷ್ಟು ಹೊತ್ತಿಗೆ ಹಂಗಿನ ಮಾತು ಹಿಂದೆ ಸರಿದು, ಬೇರೆಯವರ ಕಡತಗಳಿಗೆ ಹೊಂದುವುದಿಲ್ಲ, ಸಿಬ್ಬಂದಿ ಗೊಣಗುತ್ತಾರೆ ಎಂಬ ಮಾತುಗಳೇ ಮುಂದೆ ಬಂದಿದ್ದವು.

ಇದಕ್ಕೂ ಮೊದಲು, 2002ರಲ್ಲಿ, ಪೆರು ದೇಶದ ಸಂಸದ ಎಡ್ಗರ್ ವಿಲ್ಲನುಯೆವಾ ಸರ್ಕಾರಿ ಕಚೇರಿಗಳಲ್ಲಿ ಮುಕ್ತ ತಂತ್ರಾಂಶ ಬಳಸಬೇಕೆಂಬ ತಮ್ಮ ಮಸೂದೆಗೆ ಬಂದ ಮೈಕ್ರೋಸಾಫ್ಟ್ ಆಕ್ಷೇಪಕ್ಕೆ ಉತ್ತರ ಬರೆದಿದ್ದರು. ಅದರಲ್ಲಿ ಅವರು ಆಧಾರವಾಗಿ ಹಿಡಿದದ್ದು ಮೂರು ತತ್ವ: ಸಾರ್ವಜನಿಕ ಮಾಹಿತಿ ನಾಗರಿಕರಿಗೆ ಅಡ್ಡಿಯಿಲ್ಲದೆ ಸಿಗಬೇಕು, ಸಾರ್ವಜನಿಕ ದತ್ತಾಂಶ ಕಾಲಕಾಲಕ್ಕೂ ಉಳಿಯಬೇಕು, ರಾಜ್ಯಕ್ಕೂ ಪ್ರಜೆಗೂ ಭದ್ರತೆ ಇರಬೇಕು. ಆ ಮೂರರಲ್ಲಿ ಬೆಲೆಯ ಮಾತೇ ಇಲ್ಲ. ಅದು ಸರಿ ಕೂಡ. ಮುಕ್ತ ತಂತ್ರಾಂಶದ ಪರವಾನಗಿ ಕೊಡುವುದು ಬಳಸುವ, ಓದಿ ತಿದ್ದುವ, ಹಂಚುವ, ತಿದ್ದಿದ್ದನ್ನೂ ಹಂಚುವ ಹಕ್ಕನ್ನು. ಅಂಥ ತಂತ್ರಾಂಶವನ್ನು ದುಡ್ಡಿಗೆ ಮಾರಲು, ಈ ಬಗೆಯ ಪರವಾನಗಿಗಳಲ್ಲಿ ಹೆಸರಾದ ಜಿಪಿಎಲ್‌ನಲ್ಲಿ ಯಾವ ಅಡ್ಡಿಯೂ ಇಲ್ಲ.

ಈ ಹಕ್ಕುಗಳು ಬರೀ ತಂತ್ರಜ್ಞರ ಹುಚ್ಚು ಎನ್ನುವವರು ಬ್ರಿಟನ್ನಿನ ಅಂಚೆ ಕಚೇರಿಗಳ ಲೆಕ್ಕದ ತಂತ್ರಾಂಶ ‘ಹೊರೈಜನ್’ನ ಪ್ರಕರಣವನ್ನು ಓದಬೇಕು. 1999ರಿಂದ 2015ರ ನಡುವೆ ಅಂಚೆ ಕಚೇರಿ ನಡೆಸುತ್ತಿದ್ದ 900ಕ್ಕೂ ಹೆಚ್ಚು ಮಂದಿ ಕಳ್ಳತನ, ಸುಳ್ಳು ಲೆಕ್ಕದಂಥ ಆರೋಪಗಳಲ್ಲಿ ಶಿಕ್ಷೆಗೊಳಗಾದರು. ಸಾಕ್ಷಿಯಾಗಿದ್ದದ್ದು ಆ ತಂತ್ರಾಂಶ ತೋರಿಸಿದ ಕೊರತೆ. ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡಿದೆ ಎಂದು ಇಂಗ್ಲೆಂಡಿನ ನ್ಯಾಯಾಲಯ ಮೊದಲೇ ಭಾವಿಸಿಕೊಳ್ಳುತ್ತದೆ. ತಪ್ಪಿದೆ ಎನ್ನುವವನು ಅದನ್ನು ತೋರಿಸಬೇಕು, ಆದರೆ ಒಳಗೆ ಇಣುಕಲು ಅವನಿಗೆ ದಾರಿಯಿಲ್ಲ. ತಂತ್ರಾಂಶದಲ್ಲಿ ದೋಷಗಳಿದ್ದವು ಎಂದು ಹೈಕೋರ್ಟ್ ಹೇಳಿದ್ದು 2019ರಲ್ಲಿ. ಸೋರ್ಸ್ ಕೋಡ್, ಅಂದರೆ ತಂತ್ರಾಂಶವನ್ನು ಬರೆದ ಮೂಲ ಪಠ್ಯ, ಬಯಲಾಗಿದ್ದರೆ ಎಲ್ಲರೂ ಪಾರಾಗುತ್ತಿದ್ದರು ಎಂದೇನಲ್ಲ. ದೋಷಗಳ ಪಟ್ಟಿ, ಯಂತ್ರ ತನ್ನ ನಡೆಯನ್ನು ದಾಖಲಿಸಿದ ಲಾಗ್ ಕಡತಗಳೂ ಬೇಕಿತ್ತು. ಆದರೆ ಕೇಳುವ ಹಕ್ಕಾದರೂ ಇರುತ್ತಿತ್ತು.

ಹಾಗಾಗಿ ನೀತಿ ಬರೆಯುವವರು ಟೆಂಡರ್‌ನ ಪದಗಳನ್ನು ನೋಡಬೇಕು. ‘ಸೋರ್ಸ್ ಕೋಡ್ ಒಪ್ಪಿಸತಕ್ಕದ್ದು’ ಎಂದಷ್ಟೇ ಬರೆದರೆ ಒಂದು ಡಿಸ್ಕ್ ಬರುತ್ತದೆ, ಬೀರು ಸೇರುತ್ತದೆ. ಬೇಕಾದಾಗ ತೆಗೆದರೆ ಅದು ಎರಡು ಆವೃತ್ತಿ ಹಳೆಯದು, ಅದಕ್ಕೆ ಬೇಕಾದ ಸಹಾಯಕ ಕೋಡ್ (ಲೈಬ್ರರಿ) ಒಂದು ಇಲ್ಲ, ಕಂಪೈಲ್ ಆಗಿ ಓಡುವ ತಂತ್ರಾಂಶವಾಗುವುದೇ ಇಲ್ಲ. ಕೊನೆಯ ಕಂತು ಕೊಡುವ ಮುನ್ನ, ಗುತ್ತಿಗೆದಾರನಿಗೆ ಸಂಬಂಧವಿಲ್ಲದ ಒಬ್ಬರು, ಏನೂ ಇಲ್ಲದ ಹೊಸ ಯಂತ್ರದಲ್ಲಿ, ಕೈಪಿಡಿಯನ್ನಷ್ಟೇ ನೋಡಿಕೊಂಡು ಅದನ್ನು ಕಟ್ಟಿ ನಡೆಸಿ ತೋರಿಸಬೇಕು. ಡೇಟಾಬೇಸ್‌ನ ಪಾಸ್‌ವರ್ಡ್, ಗೂಢಲಿಪಿಯ ಕೀಲಿ, ಡೊಮೈನ್ ಹೆಸರು ಇಲಾಖೆಯ ಸ್ವಾಧೀನದಲ್ಲಿರಬೇಕು; ಇವು ಗುತ್ತಿಗೆದಾರನ ಬಳಿ ಉಳಿದರೆ ಕೋಡ್ ಇದ್ದೂ ಕೈಕಟ್ಟಿದಂತೆಯೇ. ಜಾಲತಾಣದ ಮೂಲಕ ಸೇವೆ ಕೊಡುವ ತಂತ್ರಾಂಶಕ್ಕೆ ಜಿಪಿಎಲ್ ಸಾಲದು, ಜಾಲದ ಮೂಲಕ ಬಳಸುವವರಿಗೂ ಕೋಡ್ ಕೊಡಬೇಕೆನ್ನುವ ಎಜಿಪಿಎಲ್ ಪರವಾನಗಿ ಬೇಕು. ಜಿಪಿಎಲ್‌ನಲ್ಲಿ ಕೋಡ್ ಕೊಡುವ ಹೊಣೆ ಹುಟ್ಟುವುದು ತಂತ್ರಾಂಶ ಇನ್ನೊಬ್ಬರ ಕೈಸೇರಿದಾಗ, ಸರ್ವರ್‌ನಲ್ಲೇ ಓಡುವುದು ಯಾರ ಕೈಗೂ ಬರುವುದಿಲ್ಲ.

ಬದಲಾಯಿಸುವ ಕ್ರಮವೂ ಮುಖ್ಯ. ಫ್ರಾನ್ಸಿನ ಪೊಲೀಸ್ ಪಡೆ ಜಂಡಾರ್ಮರಿ 2005ರಲ್ಲಿ ವಿಂಡೋಸ್ ಮೇಲೆಯೇ ಮುಕ್ತ ಕಚೇರಿ ತಂತ್ರಾಂಶ ಓಪನ್ ಆಫೀಸ್ ತಂದಿತು, ಆಮೇಲೆ ಫೈರ್‌ಫಾಕ್ಸ್ ಬ್ರೌಸರ್, ಇಮೇಲ್‌ಗೆ ಥಂಡರ್‌ಬರ್ಡ್. ಲಿನಕ್ಸ್‌ನ ಒಂದು ಬಗೆಯಾದ ಉಬುಂಟು ಬಂದದ್ದು 2008ರಿಂದ. ಜನರ ಕೈ ಪಳಗಿದ ಮೇಲೆ ಕೆಳಗಿನ ಆಪರೇಟಿಂಗ್ ಸಿಸ್ಟಂ ಬದಲಾದರೆ ಅಷ್ಟಾಗಿ ಗೊತ್ತಾಗುವುದಿಲ್ಲ. ಮುಗ್ಗರಿಸುವುದು ಸಣ್ಣ ಕಡೆಗಳಲ್ಲಿ. ಮೈಕ್ರೋಸಾಫ್ಟ್‌ನ ಕ್ಯಾಲಿಬ್ರಿ ಫಾಂಟ್ ಇಲ್ಲದ ಯಂತ್ರದಲ್ಲಿ ಬೇರೆ ಅಗಲದ ಅಕ್ಷರ ಬಂದು ಸಾಲು ಒಡೆಯುತ್ತದೆ, ಒಂದು ಪುಟದ ಅರ್ಜಿ ನಮೂನೆ ಎರಡನೇ ಪುಟಕ್ಕೆ ಜಾರುತ್ತದೆ, ಸಹಿಯ ಗೆರೆ ಅಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಬೈಗುಳ ಲಿನಕ್ಸ್‌ಗೆ! ಅದೇ ಅಗಲದ ಕಾರ್ಲಿಟೊ ಫಾಂಟನ್ನು, ಕ್ಯಾಂಬ್ರಿಯಾ ಬದಲಿಗೆ ಕ್ಯಾಲಡಿಯಾವನ್ನು ಮೊದಲೇ ಹಾಕಿದ್ದರೆ ಈ ರಗಳೆಯ ಬಹುಪಾಲು ಇರುವುದಿಲ್ಲ. ಎಕ್ಸೆಲ್ ಮ್ಯಾಕ್ರೋಗಳಿಗೆ, ಅಂದರೆ ಹಾಳೆಯೊಳಗೇ ಬರೆದಿಟ್ಟ ಪುಟ್ಟ ಪ್ರೋಗ್ರಾಂಗಳಿಗೆ, ಇಂಥ ಸುಲಭದ ಮದ್ದಿಲ್ಲ: ಒಂದೊಂದನ್ನೂ ಪಟ್ಟಿ ಮಾಡಿ, ಸತ್ತದ್ದನ್ನು ಬಿಟ್ಟು, ಬದುಕಿರುವುದನ್ನು ಮತ್ತೆ ಬರೆಯಬೇಕು. ಈ ಖರ್ಚನ್ನು ಹೊಸ ತಂತ್ರಾಂಶದ ಲೆಕ್ಕಕ್ಕೆ ಹಚ್ಚುವುದು ವಾಡಿಕೆ. ನ್ಯಾಯವಾಗಿ ಅದು ಹಳೆಯದರ ಬಾಕಿ. ನಮ್ಮನ್ನು ಸಿಕ್ಕಿಸಿಕೊಂಡದ್ದು ಅದು ತಾನೇ?

ಇನ್ನು ಲೈಸೆನ್ಸ್ ಕೊಳ್ಳದೆ ಉಳಿದ ಹಣದ ಮಾತು. ಬ್ಯಾಂಕುಗಳು, ಸರ್ಕಾರಗಳು ಎಲ್ಲವೂ ನೆಚ್ಚಿಕೊಂಡಿದ್ದ, ಅಂತರ್ಜಾಲದ ಸಂಪರ್ಕವನ್ನು ಗೂಢಲಿಪಿಯಿಂದ ಕಾಯುವ ಮುಕ್ತ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್‌ಗೆ 2014ರ ‘ಹಾರ್ಟ್‌ಬ್ಲೀಡ್’ ದೋಷ ಬಯಲಾಗುವವರೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಬಿಟ್ಟಿ ಎಂದುಕೊಂಡವರ ಕಾಣಿಕೆ ಅಷ್ಟೇ. ಉಳಿದ ಹಣದಲ್ಲಿ ಒಂದು ಪಾಲು ಕೋಡ್ ಬಲ್ಲ ಸ್ವಂತ ಸಿಬ್ಬಂದಿಗೆ, ಇನ್ನೊಂದು ಪಾಲು ಬಳಸುವ ತಂತ್ರಾಂಶದ ದುರಸ್ತಿಗೆ ಎಂದು ಬಜೆಟ್‌ನಲ್ಲೇ ಬರೆದಿಡಬೇಕು. ಮಾಡಿದ ತಿದ್ದುಪಡಿಯನ್ನು ಆ ತಂತ್ರಾಂಶವನ್ನು ಬರೆಯುವ ಮೂಲ ತಂಡಕ್ಕೆ ಕಳಿಸಲೂ ಬೇಕು. ತಮ್ಮಲ್ಲೇ ಇಟ್ಟುಕೊಂಡರೆ ಪ್ರತಿ ಹೊಸ ಆವೃತ್ತಿಗೂ ಅದೇ ತೇಪೆಯನ್ನು ಮತ್ತೆ ಹೊಲಿಯಬೇಕಾಗುತ್ತದೆ. ಎರಡು ಮೂರು ಸಲ ಹೊಲಿದು ಸುಸ್ತಾದ ಇಲಾಖೆ ಹಳೆಯ ಆವೃತ್ತಿಯಲ್ಲೇ ಕುಳಿತುಬಿಡುತ್ತದೆ, ಭದ್ರತಾ ಪರಿಷ್ಕರಣೆಗಳೂ ಇಲ್ಲದೆ.

ಇತಿ,
ಒಬ್ಬ ಓದುಗ